ಸಾಂಬ್ರಾ ಸುತ್ತಿನ ಹೊಲದಲ್ಲಿ ಸಣ್ಣ ವಿಮಾನ ಬಿದ್ದರೆ ಮೊದಲು ಏನು ಮಾಡಬೇಕು?

ಬೆಳಗಾವಿ ವಿಮಾನ ನಿಲ್ದಾಣ ಇರುವ ಸಾಂಬ್ರಾ, ಪಕ್ಕದ ಹೊನ್ನಿಹಾಳ, ಮುತಗಾ, ಬಾಳೇಕುಂದ್ರಿ ಕಡೆಯವರಿಗೆ ತಲೆ ಮೇಲೆ ಪುಟ್ಟ ವಿಮಾನ ಸುತ್ತುವುದು ಹೊಸದಲ್ಲ. 2023ರ ಮೇ ತಿಂಗಳಲ್ಲಿ ಒಂದು ತರಬೇತಿ ವಿಮಾನ ಹೊನ್ನಿಹಾಳದ ಹತ್ತಿರ ಹೊಲದಲ್ಲೇ ಇಳಿದಿತ್ತು. ಪುಣ್ಯಕ್ಕೆ ಒಳಗಿದ್ದವರು ಬದುಕಿದರು. ಇಂಥ ಹೊತ್ತಲ್ಲಿ ಅಗ್ನಿಶಾಮಕ ಗಾಡಿಗಿಂತ ಮೊದಲು ಅಲ್ಲಿ ಇರುವವರು ಪಕ್ಕದ ಹೊಲದವರು, ಅಂದರೆ ನೀವೇ.

ನೆಲ ಬಿಟ್ಟು ಸ್ವಲ್ಪವೇ ಮೇಲೇರಿದಾಗ ಎಂಜಿನ್ ನಿಂತರೆ ರನ್‌ವೇ ಕಡೆ ತಿರುಗಬೇಡ ಅಂತಲೇ ಪೈಲಟ್‌ಗಳಿಗೆ ಕಲಿಸಿರುತ್ತಾರೆ. ವೇಗ ಕಡಿಮೆ ಇರುವಾಗ ತಿರುಗಿಸಿದರೆ ರೆಕ್ಕೆ ಭಾರ ಹೊರಲಾರದು, ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಅದಕ್ಕೇ ಮೂಗು ತಗ್ಗಿಸಿ ಎದುರಿಗೆ ಸಿಕ್ಕ ಬಯಲಿಗೆ ಇಳಿಸುತ್ತಾರೆ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಏಪ್ರಿಲ್, ಮೇ ಬಿಸಿಲಲ್ಲಿ ಗಾಳಿ ತೆಳುವಾಗಿ ಸಣ್ಣ ಎಂಜಿನ್ ಇನ್ನೂ ನಿಧಾನ ಏರುತ್ತದೆ. ಸದ್ದು ನಿಂತ ವಿಮಾನ ನಿಮ್ಮ ಕಡೆಗೇ ಬರುತ್ತಿದ್ದರೆ ಅದರ ಮುಂದೆ ಓಡಬೇಡಿ, ಪಕ್ಕಕ್ಕೆ ಓಡಿ.

ಬಿದ್ದ ಮೇಲೆ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಪೆಟ್ರೋಲ್‌ದು. ಆಗತಾನೆ ಹೊರಟ ವಿಮಾನ, ಟ್ಯಾಂಕ್ ಖಾಲಿ ಇರುವುದಿಲ್ಲ ಅಲ್ವಾ? ತರಬೇತಿಗೆ ಬಳಸುವ ಸೆಸ್ನಾ 172 ಅನ್ನೋ ಸಣ್ಣ ವಿಮಾನದ ಹೊಸ ಮಾದರಿಯಲ್ಲಿ 200 ಲೀಟರ್‌ಗೂ ಜಾಸ್ತಿ ಹಿಡಿಯುತ್ತದೆ, ಅಷ್ಟೂ ರೆಕ್ಕೆಯೊಳಗೇ ಇರುತ್ತದೆ. ರೆಕ್ಕೆ ಹರಿದರೆ ಸೋರಿ ಒಳಗೆ ಕೂತವರ ಮೇಲೇ ಬೀಳಬಹುದು. ಕಬ್ಬು ಕಡಿದ ಹೊಲವಾದರೆ ಒಣ ರವದಿ ಬೇರೆ, ಒಂದು ಕಿಡಿ ಸಾಕು. ಬೀಡಿ, ಸಿಗರೇಟು ಆರಿಸಿ, ಬೈಕು, ಟ್ರ್ಯಾಕ್ಟರ್ ದೂರವೇ ನಿಲ್ಲಿಸಿ, ಗಾಳಿ ಬೀಸಿ ಬರುವ ಕಡೆಯಿಂದ ಹತ್ತಿರ ಹೋಗಿ. ಒಬ್ಬರು ತಕ್ಷಣ 112ಕ್ಕೆ ಫೋನ್ ಮಾಡಿ ಊರಿನ ಹೆಸರು, ಯಾವ ದಾರಿಯಿಂದ ಹೊಲಕ್ಕೆ ಬರಬೇಕು ಅನ್ನೋದನ್ನು ಬಿಡಿಸಿ ಹೇಳಲಿ, ಇನ್ನೊಬ್ಬರು ರಸ್ತೆಗೆ ಹೋಗಿ ನಿಲ್ಲಲಿ. ವಿಮಾನ ಕರೆಂಟ್ ತಂತಿಗೆ ಸಿಕ್ಕಿದ್ದರೆ ಹತ್ತಿರ ಹೋಗಲೇಬೇಡಿ, ಹೆಸ್ಕಾಂನ 1912ಕ್ಕೆ ಹೇಳಿ ಲೈನ್ ತೆಗೆಸಿ.

ಪ್ರೊಪೆಲ್ಲರ್ ಮುಟ್ಟಬೇಡಿ. ನಿಂತಿದ್ದರೂ ಮುಟ್ಟಬೇಡಿ. ಇಂಥ ಎಂಜಿನ್‌ಗಳಲ್ಲಿ ಹೆಚ್ಚಿನವು ಮ್ಯಾಗ್ನೆಟೋ ಅನ್ನೋ, ತಿರುಗಿದರೆ ತಾನೇ ಕಿಡಿ ಹುಟ್ಟಿಸುವ ಸಾಧನದಿಂದ ಕಿಡಿ ಪಡೆಯುತ್ತವೆ, ಅದಕ್ಕೆ ಬ್ಯಾಟರಿ ಬೇಕಿಲ್ಲ, ಸುಮ್ನೆ ಕೈಯಿಂದ ಸ್ವಲ್ಪ ತಿರುಗಿಸಿದರೂ ಎಂಜಿನ್ ಒದ್ದುಕೊಂಡು ತಿರುಗಿ ಕೈ ಹೋಗಬಹುದು. ಪೈಲಟ್‌ಗೆ ಎಚ್ಚರ ಇದ್ದರೆ ಕೀ, ಮಾಸ್ಟರ್ ಸ್ವಿಚ್, ಪೆಟ್ರೋಲ್ ವಾಲ್ವ್ ಮೂರನ್ನೂ ಬಂದ್ ಮಾಡಲು ಅವರಿಗೇ ಹೇಳಿ. ಕೆಲವು ಹಗುರ ವಿಮಾನಗಳಲ್ಲಿ ರಾಕೆಟ್‌ನಿಂದ ಹಾರುವ ಪ್ಯಾರಾಚೂಟ್ ಇರುತ್ತದೆ. ಅದು ಇರುವ ಜಾಗದಲ್ಲಿ ಸಾಮಾನ್ಯವಾಗಿ ಎಚ್ಚರಿಕೆಯ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅದರ ಎದುರು ನಿಲ್ಲಬೇಡಿ, ಹತ್ತಿರದ ಯಾವ ತಂತಿಯನ್ನೂ ಎಳೆಯಬೇಡಿ, ಕತ್ತರಿಸಬೇಡಿ.

ಒಳಗಿನವರನ್ನು ಎಳೆದು ಹೊರಗೆ ಹಾಕಬೇಕು ಅಂತ ಕೈ ತುರಿಸುತ್ತದೆ, ನನಗೆ ಗೊತ್ತು. ಬೆಂಕಿ ಇಲ್ಲದಿದ್ದರೆ, ಉಸಿರಾಡುತ್ತಿದ್ದರೆ, ಕೂತಲ್ಲೇ ಇರಲಿ. ಬೆನ್ನುಮೂಳೆ, ಕುತ್ತಿಗೆ ಮುರಿದಿದ್ದರೆ ನೀವು ಎಳೆದ ಎಳೆತಕ್ಕೇ ಕೈಕಾಲು ಸ್ವಾಧೀನ ತಪ್ಪಬಹುದು. ತಲೆ ಅಲುಗಾಡದಂತೆ ಎರಡೂ ಕೈಯಿಂದ ಹಿಡಿಯಿರಿ, ರಕ್ತ ಬರುವ ಕಡೆ ಸ್ವಚ್ಛ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ, ಮಾತಾಡಿಸುತ್ತಾ ಇರಿ. ನೀರು, ಚಹಾ ಏನೂ ಕುಡಿಸಬೇಡಿ. ಉಸಿರು ನಿಂತಿದೆ, ಹೊಗೆ ಕಾಣಿಸಿತು, ಇಲ್ಲವೇ ಬೆಂಕಿ ಹತ್ತುತ್ತಿದೆ ಅಂದರೆ ಮಾತ್ರ ಬೆಲ್ಟ್ ಬಿಚ್ಚಿ, ಕಂಕುಳಲ್ಲಿ ಕೈ ಹಾಕಿ, ತಲೆಗೆ ಆಸರೆ ಕೊಟ್ಟು ನೇರ ಹಿಂದಕ್ಕೆ ಎಳೆದುಕೊಂಡು ದೂರ ಹೋಗಿ. ಆಗ ಕುತ್ತಿಗೆಗಿಂತ ಜೀವ ದೊಡ್ಡದು. ಉರಿಯುವ ಪೆಟ್ರೋಲ್ ಮೇಲೆ ಕೊಡದಿಂದ ನೀರು ಸುರಿದರೆ ಬೆಂಕಿ ಹರಡುತ್ತದೆ. ನಿಮ್ಮ ಗಾಡಿಯಲ್ಲಿ ಬೆಂಕಿ ಆರಿಸುವ ಪುಡಿ ಸಿಲಿಂಡರ್ ಇದ್ದರೆ ಬೆಂಕಿಯ ಬುಡಕ್ಕೆ ಹೊಡೆಯಿರಿ.

ಗಾಯಗೊಂಡವರನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ತುಂಡುಗಳನ್ನು ಆರಿಸಿ ಒಂದೆಡೆ ಹಾಕಲು ಹೋಗಬೇಡಿ. ಯಾಕೆ ಬಿತ್ತು ಅಂತ ತನಿಖೆ ಮಾಡುವವರಿಗೆ ಯಾವ ತುಂಡು ಎಲ್ಲಿ ಬಿದ್ದಿದೆ ಅನ್ನುವುದೂ ಬೇಕು. ದೂರದಿಂದ ನಾಲ್ಕು ಫೋಟೋ ತೆಗೆದಿಟ್ಟುಕೊಂಡು ಪೊಲೀಸರಿಗೆ ಕೊಡಿ. ಗಾಯಗೊಂಡವರ ಮುಖದ ವಿಡಿಯೋ ಮಾತ್ರ ವಾಟ್ಸಾಪ್‌ಗೆ ಹಾಕಬೇಡಿ, ಅವರ ಮನೆಯವರಿಗೆ ಇನ್ನೂ ಸುದ್ದಿ ಮುಟ್ಟಿರುವುದಿಲ್ಲ.