ರೆಫರಿಯ ತೀರ್ಪನ್ನು ಯಾವಾಗ, ಯಾರು, ಹೇಗೆ ಪ್ರಶ್ನಿಸಬೇಕು: ಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡಗಳಿಗೊಂದು ಮಾರ್ಗದರ್ಶಿ

ಪಂದ್ಯದಲ್ಲಿ ಎದ್ದ ತಕರಾರನ್ನು ಕೈಗೆತ್ತಿಕೊಳ್ಳುವ ಮೊದಲು ಅದು ಯಾವ ಬಗೆಯದೆಂದು ತಿಳಿದುಕೊಳ್ಳಬೇಕು. ಹುಡುಗ ಎದುರಾಳಿಯ ಕೈಗೆ ಹೊಡೆದನೇ, ಚೆಂಡಿಗೆ ಮಾತ್ರ ಹೊಡೆದನೇ ಎಂಬುದು ರೆಫರಿ ಕಣ್ಣಾರೆ ಕಂಡು ಹೇಳಬೇಕಾದ ಮಾತು; ಇಂಥ ತೀರ್ಪನ್ನು ಯಾವ ವಾದವೂ ಬದಲಿಸುವುದಿಲ್ಲ, ಬದಲಿಸಲೂಬಾರದು. ಆದರೆ ಒಂದು ಕ್ವಾರ್ಟರ್‌ನಲ್ಲಿ ರಕ್ಷಣಾ ತಂಡ ಐದನೆಯ ಫೌಲ್ ಮಾಡಿದ್ದರೂ ರೆಫರಿ ಎರಡು ಫ್ರೀ ಥ್ರೋ (ಯಾರ ತಡೆಯೂ ಇಲ್ಲದೆ ಬುಟ್ಟಿಗೆ ಎಸೆಯುವ ಅವಕಾಶ) ಕೊಡದೆ ಪಕ್ಕದ ಗೆರೆಯಿಂದ ಚೆಂಡು ಹಾಕಲು ಹೇಳಿದರೆ, ಅಲ್ಲಿ ನಡೆದದ್ದೇನು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ, ನಿಯಮವನ್ನು ಅನ್ವಯಿಸಿದ್ದು ಮಾತ್ರ ತಪ್ಪು. ಈ ಎರಡನೆಯ ಬಗೆಯ ತಪ್ಪನ್ನು ಸರಿಪಡಿಸಲು ನಿಯಮಪುಸ್ತಕವೇ ದಾರಿ ಇಟ್ಟಿದೆ. ಪ್ರೇಕ್ಷಕರ ಸಾಲಿನಿಂದ ಕೇಳಿಬರುವ ಕೂಗಿನ ಬಹುಪಾಲು ಮೊದಲ ಬಗೆಯದಾಗಿರುವುದರಿಂದಲೇ ಅದು ಗಂಟಲು ನೋವಿನಲ್ಲಿ ಮುಗಿಯುತ್ತದೆ.

ಟೂರ್ನಿ ಆರಂಭವಾಗುವ ಮೊದಲೇ ಕೇಳಿ ತಿಳಿಯಬೇಕಾದದ್ದು, ಆಡುವುದು ಯಾವ ನಿಯಮಪುಸ್ತಕದ ಪ್ರಕಾರ ಎಂಬುದನ್ನು. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮಗಳಿಗೂ ಅಮೆರಿಕದ ಪ್ರೌಢಶಾಲಾ ನಿಯಮಗಳಿಗೂ ಇರುವ ವ್ಯತ್ಯಾಸಗಳು ಸಣ್ಣವಲ್ಲ. ಚೆಂಡು ಹಿಡಿದವನು ಬಿದ್ದು ನೆಲದ ಮೇಲೆ ಜಾರಿದರೆ ಫಿಬಾ ಪ್ರಕಾರ ತಪ್ಪಿಲ್ಲ, ಚೆಂಡು ಹಿಡಿದುಕೊಂಡೇ ಉರುಳಿದರೆ ಅಥವಾ ಎದ್ದು ನಿಲ್ಲಲು ಯತ್ನಿಸಿದರೆ ಮಾತ್ರ ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದು ಅಕ್ರಮವಾಗಿ ಚಲಿಸಿದ ತಪ್ಪು. ಅಮೆರಿಕದ ಶಾಲಾ ನಿಯಮದಲ್ಲಿ ಚೆಂಡಿನೊಂದಿಗೆ ಬೀಳುವುದೇ ಟ್ರಾವೆಲಿಂಗ್. ರಕ್ಷಕ ತೀರಾ ಹತ್ತಿರ ನಿಂತು ತಡೆಯುತ್ತಿರುವಾಗಿನ ಐದು ಸೆಕೆಂಡುಗಳ ಎಣಿಕೆ ಫಿಬಾದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ನಿಂತವನಿಗಷ್ಟೇ ಅನ್ವಯಿಸಿದರೆ, ಅಮೆರಿಕದ ಶಾಲಾ ನಿಯಮದಲ್ಲಿ ಡ್ರಿಬಲ್ ಮಾಡುತ್ತಿರುವವನಿಗೂ (ಚೆಂಡನ್ನು ನೆಲಕ್ಕೆ ಪುಟಿಸುತ್ತಿರುವವನಿಗೂ) ಅನ್ವಯಿಸುತ್ತದೆ. ದೂರದರ್ಶನದಲ್ಲಿ ವೃತ್ತಿಪರರ ಪಂದ್ಯ ನೋಡಿ ನಿಯಮ ಕಲಿತವರು ಆರನೆಯ ಫೌಲ್‌ವರೆಗೆ ಆಟಗಾರ ಅಂಕಣದಲ್ಲಿರಬಹುದೆಂದು ವಾದಿಸುವುದುಂಟು; ಅದು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಲೆಕ್ಕ, ಫಿಬಾದಲ್ಲಿ ಐದಕ್ಕೇ ಹೊರಗೆ. ಇನ್ನು ಹನ್ನೆರಡು ವರ್ಷದೊಳಗಿನವರ ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಬುಟ್ಟಿಯ ಎತ್ತರವೇ 3.05 ಮೀಟರಿನ ಬದಲು 2.60 ಮೀಟರ್, ಚೆಂಡು 5ನೆಯ ಅಳತೆಯದು. ಅದರ ಮೇಲೆ ಆಯೋಜಕರು ವಲಯ ರಕ್ಷಣೆ (ಆಟಗಾರನನ್ನಲ್ಲ, ಜಾಗವನ್ನು ಕಾಯುವುದು) ಬೇಡ, ಇಡೀ ಅಂಕಣದ ಪ್ರೆಸ್ (ಅಂಕಣದ ಉದ್ದಕ್ಕೂ ಎದುರಾಳಿಯನ್ನು ಒತ್ತಿ ಕಾಯುವುದು) ಬೇಡ ಎಂಬಂಥ ತಮ್ಮದೇ ಕಟ್ಟಳೆಗಳನ್ನು ಸೇರಿಸಿರುತ್ತಾರೆ. ಇವನ್ನು ಲಿಖಿತವಾಗಿ ಪಡೆಯದೆ ಅಂಕಣಕ್ಕಿಳಿಯುವ ಕೋಚ್ ಮುಂದೆ ವಾದಿಸಲು ಆಧಾರವನ್ನೇ ಕಳೆದುಕೊಳ್ಳುತ್ತಾನೆ.

ಅತಿ ಹೆಚ್ಚು ಜಗಳ ಹುಟ್ಟುವುದು ಟ್ರಾವೆಲಿಂಗ್ ವಿಷಯದಲ್ಲಿ. ಇದು ಇಂದಿನ ಜಗಳವೂ ಅಲ್ಲ. ಈ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ 1891ರಲ್ಲಿ ರೂಪಿಸಿದ ಹದಿಮೂರು ನಿಯಮಗಳ ಪೈಕಿ ಮೂರನೆಯದು ಚೆಂಡು ಹಿಡಿದು ಓಡಬಾರದು ಎಂದು ಹೇಳಿದ ಉಸಿರಿನಲ್ಲೇ, ವೇಗವಾಗಿ ಓಡುತ್ತಾ ಚೆಂಡು ಹಿಡಿದವನು ನಿಲ್ಲಲು ಯತ್ನಿಸುತ್ತಿದ್ದರೆ ಅವನಿಗೆ ವಿನಾಯಿತಿ ಕೊಡಬೇಕೆಂದೂ ಹೇಳಿತ್ತು. ಆ ವಿನಾಯಿತಿ ಎಷ್ಟು ಎಂಬ ಪ್ರಶ್ನೆಗೆ ಫಿಬಾ 2017ರ ಅಕ್ಟೋಬರ್‌ನಿಂದ ಜಾರಿಗೆ ತಂದ ತಿದ್ದುಪಡಿ ಸ್ಪಷ್ಟ ಉತ್ತರ ಕೊಟ್ಟಿತು: ಚಲಿಸುತ್ತಿರುವ ಆಟಗಾರ ಚೆಂಡನ್ನು ಹತೋಟಿಗೆ ತೆಗೆದುಕೊಳ್ಳುವ ಕ್ಷಣದಲ್ಲಿ ನೆಲದ ಮೇಲಿರುವ ಪಾದ ಲೆಕ್ಕಕ್ಕಿಲ್ಲ, ಅದರ ನಂತರದ ಎರಡು ಹೆಜ್ಜೆಗಳು ನ್ಯಾಯಬದ್ಧ. ಹಾಗಾಗಿ ಲೇ-ಅಪ್‌ಗೆ (ಓಡಿ ಬಂದು ಬುಟ್ಟಿಯ ಸಮೀಪದಿಂದ ಎಸೆಯುವುದಕ್ಕೆ) ಹೋಗುವ ಹುಡುಗಿಯ ಪಾದ ಮೂರು ಬಾರಿ ನೆಲಕ್ಕೆ ತಾಗಿದ್ದನ್ನು ಎಣಿಸಿದ ತಂದೆ ತಪ್ಪಾಗಿ ಎಣಿಸಿರುವುದಿಲ್ಲ. ಎಣಿಕೆ ಶುರುಮಾಡಿದ ಜಾಗ ತಪ್ಪು. ಆದರೆ ಈ ವಿನಾಯಿತಿಯನ್ನು ನಿಂತಲ್ಲಿಂದ ಹೊರಡುವವರಿಗೂ ಹಿಗ್ಗಿಸುವಂತಿಲ್ಲ. ನಿಂತಿರುವವನು ಡ್ರಿಬಲ್ ಆರಂಭಿಸುವಾಗ ಪಿವಟ್ ಪಾದ (ನೆಲದಲ್ಲಿ ಊರಿ, ಅದರ ಮೇಲೆ ತಿರುಗುವ ಪಾದ) ನೆಲ ಬಿಡುವ ಮುನ್ನ ಚೆಂಡು ಕೈ ಬಿಟ್ಟಿರಬೇಕು, ಮತ್ತು ಮಕ್ಕಳ ಪಂದ್ಯಗಳಲ್ಲಿ ನಿಜವಾಗಿ ನಡೆಯುವ ಟ್ರಾವೆಲಿಂಗ್‌ಗಳಲ್ಲಿ ಹೆಚ್ಚಿನವು ಈ ಜಾತಿಯವೇ ಎಂಬುದು ನನ್ನ ಅಭಿಪ್ರಾಯ. ಇದನ್ನು ಗುರುತಿಸಬೇಕಾದರೆ ಚೆಂಡನ್ನಲ್ಲ, ಪಾದವನ್ನು ನೋಡಬೇಕು. ಅಂಕಣದ ಹೊರಗೆ ಕುಳಿತವರಲ್ಲಿ ಹಾಗೆ ನೋಡುವವರು ವಿರಳ.

ಎರಡನೆಯ ಸ್ಥಾನ ಚಾರ್ಜಿಂಗ್ (ದಾಳಿ ಮಾಡುವವನು ರಕ್ಷಕನಿಗೆ ಗುದ್ದುವ ಫೌಲ್) ಮತ್ತು ಬ್ಲಾಕಿಂಗ್ (ರಕ್ಷಕ ಅಕ್ರಮವಾಗಿ ಅಡ್ಡ ಬರುವ ಫೌಲ್) ನಡುವಿನ ಗೊಂದಲಕ್ಕೆ. ರಕ್ಷಕ ಕಂಬದಂತೆ ನಿಂತಿದ್ದರೆ ಮಾತ್ರ ಚಾರ್ಜಿಂಗ್ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ನಿಯಮದಲ್ಲಿ ಅದಕ್ಕೆ ನೆಲೆಯಿಲ್ಲ. ಎದುರಾಳಿಗೆ ಮುಖ ಮಾಡಿ ಎರಡೂ ಪಾದಗಳನ್ನು ನೆಲದ ಮೇಲಿಟ್ಟು ಒಮ್ಮೆ ಸ್ಥಾನ ಹಿಡಿದ ರಕ್ಷಕ ಆ ಬಳಿಕ ಪಕ್ಕಕ್ಕೂ ಹಿಂದಕ್ಕೂ ಸರಿಯಬಹುದು, ಮತ್ತು ಹಾಗೆ ಸರಿಯುತ್ತಿರುವಾಗಲೇ ಅವನ ಎದೆಗೆ ಬಂದು ಗುದ್ದಿದವನದೇ ಫೌಲ್. ಚೆಂಡು ಹಿಡಿದವನ ಎದುರು ಸ್ಥಾನ ಹಿಡಿಯುವಾಗ ಸಮಯ, ಅಂತರಗಳ ರಿಯಾಯಿತಿ ಕೊಡಬೇಕಾಗಿಯೂ ಇಲ್ಲ; ಚೆಂಡಿಲ್ಲದವನಿಗೆ ಮಾತ್ರ ಒಂದೆರಡು ಹೆಜ್ಜೆಯ ಅಂತರ ಬಿಡಬೇಕು. ಜಿಗಿದವನ ವಿಷಯ ಬೇರೆ: ಅವನ ಪಾದ ನೆಲ ಬಿಟ್ಟ ಮೇಲೆ ದಾರಿಗೆ ಅಡ್ಡ ಬಂದ ರಕ್ಷಕನದು ಯಾವಾಗಲೂ ತಪ್ಪು. ಬುಟ್ಟಿಯ ಕೆಳಗಿನ 1.25 ಮೀಟರ್ ತ್ರಿಜ್ಯದ ಅರ್ಧವೃತ್ತದೊಳಗೆ ರಕ್ಷಕ ನಿಂತಿದ್ದರೆ, ಚೆಂಡಿನೊಂದಿಗೆ ಗಾಳಿಯಲ್ಲಿರುವವನು ಕೈಕಾಲುಗಳನ್ನು ಅಕ್ರಮವಾಗಿ ಬಳಸದ ಹೊರತು ಚಾರ್ಜಿಂಗ್ ಕೊಡುವುದಿಲ್ಲ. ಮಕ್ಕಳು ಆಡುವ ಎಷ್ಟೋ ಅಂಕಣಗಳಲ್ಲಿ ಈ ಗೆರೆಯನ್ನೇ ಎಳೆದಿರುವುದಿಲ್ಲವಾದ್ದರಿಂದ, ಅಂಥಲ್ಲಿ ಏನು ಮಾಡುತ್ತೀರಿ ಎಂದು ಆರಂಭಕ್ಕೆ ಮುನ್ನ ರೆಫರಿಯನ್ನು ಕೇಳುವುದು ಜಾಣತನ.

ಅದೇ ರೀತಿಯ ತಾಗುವಿಕೆಗೆ ಆ ಕಡೆ ಸೀಟಿ ಊದಿದರು, ಈ ಕಡೆ ಊದಲಿಲ್ಲ ಎಂಬ ದೂರಿಗೂ ಉತ್ತರವಿದೆ. ತಾಗುವಿಕೆಯಿಂದ ಯಾರಿಗಾದರೂ ಅನ್ಯಾಯದ ಲಾಭವಾಯಿತೇ ಎಂಬುದನ್ನೂ ಆಟಗಾರರ ಸಾಮರ್ಥ್ಯ ಎಷ್ಟೆಂಬುದನ್ನೂ ಗಮನದಲ್ಲಿಟ್ಟು ತೀರ್ಮಾನಿಸಬೇಕೆಂದು ಫಿಬಾ ನಿಯಮಗಳೇ ರೆಫರಿಗೆ ಸೂಚಿಸುತ್ತವೆ. ಹತ್ತು ವರ್ಷದವರ ಆಟದಲ್ಲಿ ಪ್ರತಿ ತಾಗುವಿಕೆಗೂ ಸೀಟಿ ಊದಿದರೆ ಆಟವೇ ನಡೆಯದು. ಹಿಂದಿನಿಂದ ಬೆನ್ನ ಮೇಲೆ ಎಗರಿದ, ಕೈ ಚಾಚಿದ ಎಂದು ಕೂಗುವವರು ತಿಳಿಯಬೇಕಾದದ್ದೂ ಇದೇ: ಎಗರುವುದಾಗಲಿ ಚಾಚುವುದಾಗಲಿ ಸ್ವತಃ ಫೌಲ್ ಅಲ್ಲ, ಅಕ್ರಮವಾಗಿ ತಾಗಿದರೆ ಮಾತ್ರ ಫೌಲ್.

ಪ್ರಶ್ನಿಸಲೇಬೇಕಾದ ಸಂದರ್ಭ ಬಂದಾಗ ಚೆಂಡು ಡೆಡ್ ಆಗಿ (ಅಂದರೆ ಆಟ ನಿಂತು) ಗಡಿಯಾರ ನಿಲ್ಲುವವರೆಗೆ ಕಾಯಬೇಕು. ಆಮೇಲೆ ಅಂಕಣದಲ್ಲಿರುವ ನಾಯಕ ವಿನಯದಿಂದ ವಿವರಣೆ ಕೇಳಬಹುದು. ಪೋಷಕರಿಗೆ ಈ ಅಧಿಕಾರವಿಲ್ಲ, ಉಳಿದ ಆಟಗಾರರಿಗೂ ಇಲ್ಲ. ಮಾತು ಪ್ರಶ್ನೆಯ ರೂಪದಲ್ಲಿದ್ದು, ಉತ್ತರವನ್ನು ಸ್ಕೋರ್‌ಶೀಟ್‌ನಲ್ಲೋ ನಿಯಮಪುಸ್ತಕದಲ್ಲೋ ಹುಡುಕಲು ಸಾಧ್ಯವಾಗುವಂತಿರಬೇಕು. "ಸರ್, ಈ ಕ್ವಾರ್ಟರ್‌ನಲ್ಲಿ ಅವರದು ಇದು ಐದನೆಯ ಫೌಲ್ ಅಲ್ಲವೇ, ಒಮ್ಮೆ ಟೇಬಲ್‌ನಲ್ಲಿ ನೋಡುತ್ತೀರಾ?" ಎಂದು ಕೇಳಿದರೆ ರೆಫರಿ ಸ್ಕೋರರ್ ಕಡೆ ತಿರುಗುತ್ತಾರೆ. "ಅದು ಫೌಲ್ ಹೇಗಾಗುತ್ತದೆ?" ಎಂದು ಕೈಯೆತ್ತಿದರೆ ಟೆಕ್ನಿಕಲ್ ಫೌಲ್ (ಕೆಟ್ಟ ನಡವಳಿಕೆಗೆ ಕೊಡುವ ಫೌಲ್) ಕಡೆ ತಿರುಗುತ್ತಾರೆ. ಸ್ವಂತ ನಡವಳಿಕೆಗೆ ಎರಡು ಟೆಕ್ನಿಕಲ್ ಫೌಲ್ ಪಡೆದ ಕೋಚ್ ಅಂಕಣ ಬಿಟ್ಟು ಹೊರನಡೆಯಬೇಕಾಗುತ್ತದೆ, ಆಗ ಮಕ್ಕಳು ಉಳಿದ ಆಟವನ್ನು ಅವನಿಲ್ಲದೆ ಆಡಬೇಕು.

ತಡಮಾಡುವಂತೆಯೂ ಇಲ್ಲ. ಸಲ್ಲಬೇಕಾದ ಫ್ರೀ ಥ್ರೋ ಕೊಡದಿರುವುದು, ಸಲ್ಲದ್ದನ್ನು ಕೊಟ್ಟಿರುವುದು, ಬೇರೆ ಆಟಗಾರ ಎಸೆದಿರುವುದು, ಅಂಕವನ್ನು ತಪ್ಪಾಗಿ ಕೊಟ್ಟಿರುವುದು ಅಥವಾ ರದ್ದು ಮಾಡಿರುವುದು, ಇಂಥ ತಪ್ಪುಗಳನ್ನು, ಅವು ಆದ ಮೇಲೆ ಗಡಿಯಾರ ಓಡಲು ಆರಂಭಿಸಿ, ಚೆಂಡು ಮೊದಲ ಬಾರಿಗೆ ಡೆಡ್ ಆಗಿ, ಪುನಃ ಆಟಕ್ಕೆ ಬರುವಷ್ಟರೊಳಗೆ ಗುರುತಿಸಿದರೆ ಮಾತ್ರ ಸರಿಪಡಿಸಬಹುದು. ಅಂಕದ ಮೊತ್ತ ಅಥವಾ ಫೌಲ್ ಎಣಿಕೆಯಲ್ಲಿ ಟೇಬಲ್‌ನವರು ಮಾಡಿದ ಬರಹದ ತಪ್ಪಿಗಾದರೋ ಮುಖ್ಯ ರೆಫರಿ ಸ್ಕೋರ್‌ಶೀಟ್‌ಗೆ ಸಹಿ ಹಾಕುವವರೆಗೂ ಅವಕಾಶವಿದೆ. ಆದುದರಿಂದ ಬೆಂಚಿನಲ್ಲಿ ಒಬ್ಬರು ಎರಡೂ ತಂಡಗಳ ಅಂಕ, ಫೌಲ್, ಟೈಮ್ ಔಟ್‌ಗಳನ್ನು ಸ್ವಂತವಾಗಿ ಬರೆದಿಟ್ಟುಕೊಂಡು ಪ್ರತಿ ಕ್ವಾರ್ಟರ್ ಮುಗಿದಾಗ ಟೇಬಲ್‌ನ ಲೆಕ್ಕದೊಂದಿಗೆ ತಾಳೆ ನೋಡಬೇಕು. ತಕರಾರು ಹೇಳುವ ಕಲೆಗಿಂತ ಈ ಹಾಳೆ ಹೆಚ್ಚು ಪಂದ್ಯಗಳಲ್ಲಿ ಕೆಲಸಕ್ಕೆ ಬರುತ್ತದೆ.

ಅಷ್ಟಾದರೂ ತಪ್ಪು ಉಳಿದುಹೋದರೆ ಅಧಿಕೃತ ಆಕ್ಷೇಪಣೆಗೆ ಅವಕಾಶವಿದೆ. ಫಿಬಾ ಪದ್ಧತಿಯಲ್ಲಿ ಪಂದ್ಯ ಮುಗಿದ 15 ನಿಮಿಷಗಳೊಳಗೆ ನಾಯಕ ಮುಖ್ಯ ರೆಫರಿಗೆ ತಿಳಿಸಿ ಸ್ಕೋರ್‌ಶೀಟ್‌ನಲ್ಲಿ ಅದಕ್ಕೆಂದೇ ಮೀಸಲಾದ ಜಾಗದಲ್ಲಿ ಸಹಿ ಹಾಕಬೇಕು, ಕಾರಣಗಳನ್ನು ಒಂದು ಗಂಟೆಯೊಳಗೆ ಬರಹದಲ್ಲಿ ಕೊಡಬೇಕು. ಅಂಕ ಅಥವಾ ಗಡಿಯಾರದ ಲೆಕ್ಕದಲ್ಲಿ ರೆಫರಿಗಳು ಸರಿಪಡಿಸದೆ ಬಿಟ್ಟ ತಪ್ಪು, ಆಟಗಾರರ ಅರ್ಹತೆಯ ಉಲ್ಲಂಘನೆ, ಪಂದ್ಯವನ್ನು ರದ್ದುಪಡಿಸಿದ್ದು ಅಥವಾ ಮುಂದೂಡಿದ್ದು ಇಂಥವೇ ಅದಕ್ಕೆ ಆಧಾರವಾಗಬಹುದು. ಫೌಲ್ ಆಯಿತೇ ಇಲ್ಲವೇ ಎಂಬುದು ಆಧಾರವಾಗದು. ಸ್ಥಳೀಯ ಟೂರ್ನಿಗಳಲ್ಲಿ ಈ ಗಡುವುಗಳು ಬೇರೆ ಇರಬಹುದಾದ್ದರಿಂದ ಆಯೋಜಕರ ಕಟ್ಟಳೆಯನ್ನೇ ನೋಡಬೇಕು. ನಾಯಕ ಎಂದರೆ ಇಲ್ಲಿ ಹದಿಮೂರು ಹದಿನಾಲ್ಕರ ಮಗು ಎಂಬುದನ್ನು ಮರೆಯದೆ ಕೋಚ್ ಪಕ್ಕದಲ್ಲೇ ನಿಂತು, ಏತಕ್ಕೆ ಸಹಿ ಹಾಕುತ್ತಿದ್ದೇನೆ ಎಂಬುದು ಆ ಮಗುವಿಗೆ ಅರ್ಥವಾದ ಬಳಿಕವೇ ಹಾಕಿಸಬೇಕು.

ಮೊಬೈಲ್‌ನಲ್ಲಿ ತೆಗೆದ ದೃಶ್ಯವನ್ನು ರೆಫರಿಯ ಮುಖಕ್ಕೆ ಹಿಡಿಯುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಮಾನ್ಯತೆ ಪಡೆದ ಮರುವೀಕ್ಷಣೆ ವ್ಯವಸ್ಥೆ ಇಲ್ಲದ ಪಂದ್ಯದಲ್ಲಿ ಅವರು ಅದನ್ನು ನೋಡಿ ತೀರ್ಪು ಬದಲಿಸುವಂತಿಲ್ಲ. ಅದೇ ದೃಶ್ಯವನ್ನು ಮರುದಿನ, ಕ್ವಾರ್ಟರ್ ಯಾವುದು, ಗಡಿಯಾರದಲ್ಲಿ ಎಷ್ಟು ಸಮಯ ಉಳಿದಿತ್ತು, ಅನ್ವಯಿಸಬೇಕಾಗಿದ್ದ ನಿಯಮ ಯಾವುದು ಎಂಬ ಮೂರು ವಿವರಗಳೊಂದಿಗೆ ರೆಫರಿಗಳನ್ನು ನೇಮಿಸುವವರಿಗೆ ಕಳುಹಿಸಿದರೆ ಅದನ್ನು ತರಬೇತಿಗೆ ಬಳಸಿಕೊಳ್ಳುವ ಸಾಧ್ಯತೆಯಿದೆ. ಮಕ್ಕಳ ಪಂದ್ಯಗಳಿಗೆ ಸೀಟಿ ಹಿಡಿಯುವವರಲ್ಲಿ ಅನೇಕರು ಸ್ವತಃ ಕಲಿಯುತ್ತಿರುವ ಯುವಕ ಯುವತಿಯರಾದ್ದರಿಂದ, ಆ ಪತ್ರದಲ್ಲಿ ರೆಫರಿಯ ಸ್ವಭಾವ ಅಥವಾ ಪಕ್ಷಪಾತದ ಕುರಿತು ಒಂದು ವಾಕ್ಯವೂ ಇರಬಾರದು.