ಗಾಡಿ ಎಷ್ಟು ಆಯಿಲ್ ಕುಡಿಯುತ್ತಿದೆ? ಕಣ್ಣಳತೆ ಬಿಡಿ, ತೂಗಿ ನೋಡಿ

ಸೆಕೆಂಡ್ ಹ್ಯಾಂಡ್ ಪರ್ಫಾರ್ಮೆನ್ಸ್ ಕಾರು ಕೊಂಡವರಲ್ಲಿ ಕೆಲವರು ಕೆಂಪು ದೀಪ ಹತ್ತುವವರೆಗೂ ಬಾನೆಟ್ ಎತ್ತುವುದಿಲ್ಲ. ಇನ್ನು ಕೆಲವರು ದಿನವೂ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು, ಒಮ್ಮೆ ಬಿಸಿ ಎಂಜಿನ್‌ನಲ್ಲಿ, ಒಮ್ಮೆ ತಣ್ಣಗಿರುವಾಗ ನೋಡಿ, ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತಲಿನ ಬಿಗಿ ಬಳೆ) ಹೋಯಿತೆಂದು ಎಂಜಿನ್ ಬಿಚ್ಚಿಸಲು ಹೊರಡುತ್ತಾರೆ. ಮೊದಲಿನವರಿಗೆ ಹೇಳಬೇಕಾದದ್ದು ಇಷ್ಟೇ: ಆ ಕೆಂಪು ದೀಪ ಆಯಿಲ್ ಒತ್ತಡದ್ದು, ಮಟ್ಟದ್ದಲ್ಲ. ಅದು ಹತ್ತುವ ಹೊತ್ತಿಗೆ ಬೇರಿಂಗ್‌ಗಳು ಒಣಗಿ ತಿರುಗತೊಡಗಿರುತ್ತವೆ. ಎರಡನೆಯವರಿಗಾಗಿ ಈ ಲೇಖನ.

ಟರ್ಬೊ ಇರುವ, ಹೆಚ್ಚು ಆರ್‌ಪಿಎಂಗೆ ಏರುವ ಎಂಜಿನ್ ಸ್ವಲ್ಪ ಆಯಿಲ್ ತಿನ್ನುವುದು ಸಹಜ. 1,000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೆ ಸರಿ ಎಂದು ಬರೆದಿರುವ ಕೈಪಿಡಿಗಳಿವೆ, ಒಂದು ಲೀಟರ್‌ವರೆಗೆ ಬಿಟ್ಟಿರುವವೂ ಇವೆ. ಮಾಜ್ದಾ ಆರ್‌ಎಕ್ಸ್-8ರಂಥ ಕಾರಿನ, ಪಿಸ್ಟನ್ ಬದಲು ತಿರುಗುವ ರೋಟರ್ ಇರುವ ರೋಟರಿ ಎಂಜಿನ್‌ ತನ್ನ ಸೀಲ್‌ಗಳಿಗಾಗಿ ಆಯಿಲ್ಲನ್ನು ತಾನೇ ಒಳಗೆ ಸಿಂಪಡಿಸಿಕೊಂಡು ಸುಡುತ್ತದೆ. ಅದರಲ್ಲಿ ಮಟ್ಟ ಇಳಿಯದಿದ್ದರೇ ಚಿಂತೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ತಿನ್ನುತ್ತಿದೆಯೇ’ ಎಂದಲ್ಲ, ‘ಎಷ್ಟು, ಮತ್ತು ಆ ಪ್ರಮಾಣ ಏರುತ್ತಿದೆಯೇ’ ಎಂದು.

ಶುರು ಮಾಡುವ ಮುನ್ನ

ಸೋರಿಕೆ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ಎಂಜಿನ್ನಿನ ಅಡಿಭಾಗ ತೊಳೆದು, ರಾತ್ರಿ ಕೆಳಗೆ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಗೊತ್ತಾಗುತ್ತದೆ. ಆದರೆ ಕೆಲವು ಗ್ಯಾಸ್ಕೆಟ್‌ಗಳು ಬಿಸಿಯಲ್ಲಿ ಮಾತ್ರ ಸೋರಿ, ಆಯಿಲ್ ಎಕ್ಸಾಸ್ಟ್ ಮೇಲೆ ಬಿದ್ದು ಅಲ್ಲೇ ಸುಟ್ಟುಹೋಗುತ್ತದೆ. ಅಂಥದ್ದನ್ನು ರಟ್ಟು ಹಿಡಿಯದು, ಮೂಗು ಹಿಡಿಯುತ್ತದೆ.

ಆಮೇಲೆ ಕೈಪಿಡಿ ಹೇಳಿದ ದರ್ಜೆಯ ಹೊಸ ಆಯಿಲ್, ಹೊಸ ಫಿಲ್ಟರ್. ಎಂಜಿನ್ ಎರಡು ನಿಮಿಷ ಓಡಿಸಿ ಫಿಲ್ಟರ್ ತುಂಬಿಸಿ, ನಿಲ್ಲಿಸಿ, ಮತ್ತೆ ಮಟ್ಟ ನೋಡಿ. ಫಿಲ್ಟರ್ ಹೀರಿಕೊಂಡ ಆಯಿಲ್ಲನ್ನೇ ‘ಮೊದಲ ದಿನವೇ ಕುಡಿಯಿತು’ ಎಂದು ಬರೆದುಕೊಳ್ಳುವವರಿದ್ದಾರೆ.

ಮಟ್ಟವನ್ನು ಗರಿಷ್ಠ ಗುರುತಿಗೆ ತರಬೇಡಿ, ಎರಡು ಗುರುತುಗಳ ನಡುವಿನ ಮುಕ್ಕಾಲಿಗೆ ನಿಲ್ಲಿಸಿ. ತುಂಬಾ ಎಂಜಿನ್‌ಗಳು ಮೇಲಿನ ಕಾಲು ಭಾಗವನ್ನು ಬೇಗ ಹೊರಹಾಕಿ ನಂತರ ಸ್ಥಿರವಾಗುತ್ತವೆ. ಗುರುತು ಮೀರಿ ತುಂಬಿದರಂತೂ ತಿರುಗುವ ಕ್ರ್ಯಾಂಕ್ ಶಾಫ್ಟ್ ಅದನ್ನು ಕಡೆದು ನೊರೆ ಮಾಡುತ್ತದೆ. ಆ ನೊರೆ, ಎಂಜಿನ್ನಿನೊಳಗಿನ ಆವಿಯನ್ನು ಹೊರತೆಗೆಯುವ ಪಿಸಿವಿ ಕೊಳವೆಯಿಂದ ಇಂಟೇಕ್‌ಗೆ ಹೋಗಿ ಸುಡುತ್ತದೆ. ಎಂಜಿನ್ ಚೆನ್ನಾಗಿದ್ದರೂ ನಿಮ್ಮ ಲೆಕ್ಕದಲ್ಲಿ ಕೆಟ್ಟದ್ದಾಗುತ್ತದೆ.

ಎಲ್ಲರೂ ಎಡವುವ ಜಾಗ: ಮಟ್ಟ ನೋಡುವುದು

ಡಿಪ್‌ಸ್ಟಿಕ್ ಸುಳ್ಳು ಹೇಳುವುದಿಲ್ಲ, ನೋಡುವ ಸ್ಥಿತಿ ಬದಲಾದರೆ ಉತ್ತರ ಬದಲಾಗುತ್ತದೆ ಅಷ್ಟೇ. ಕಾರು ಸ್ವಲ್ಪ ವಾಲಿ ನಿಂತರೂ ಕಡ್ಡಿಯಲ್ಲಿ ಹಲವು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಎಷ್ಟೋ ಕಾರುಗಳಲ್ಲಿ ಕನಿಷ್ಠ-ಗರಿಷ್ಠ ಗುರುತುಗಳ ನಡುವೆ ಇರುವುದೇ ಸುಮಾರು ಒಂದು ಲೀಟರ್, ಅಂದರೆ ಆ ಕೆಲವು ಮಿಲಿಮೀಟರ್‌ಗಳೇ ನೂರಾರು ಮಿಲಿಲೀಟರ್. ಆದ್ದರಿಂದ ಒಂದೇ ಜಾಗ ಗೊತ್ತು ಮಾಡಿ, ಚಕ್ರ ನಿಲ್ಲುವಲ್ಲಿ ನೆಲಕ್ಕೆ ಬಣ್ಣದ ಗೆರೆ ಎಳೆಯಿರಿ, ಪ್ರತಿ ಸಲವೂ ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ.

ಬಿಸಿಯಲ್ಲಿ ನೋಡಬೇಕೋ ತಣ್ಣಗಿರುವಾಗಲೋ? ಕೈಪಿಡಿ ಹೇಳಿದಂತೆ. ಎರಡಕ್ಕೂ ಒಪ್ಪಿಗೆ ಇದ್ದರೆ, ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ನೋಡುವುದೇ ಉತ್ತಮ. ಆಯಿಲ್ ಪೂರ್ತಿ ತಳದ ತೊಟ್ಟಿಯಾದ ಸಂಪ್‌ಗೆ ಇಳಿದಿರುತ್ತದೆ, ‘ಎಷ್ಟು ನಿಮಿಷ ಕಾದೆ’ ಎಂಬ ತಕರಾರೇ ಇಲ್ಲ. ಬಿಸಿಯಲ್ಲೇ ನೋಡಬೇಕೆಂದಿದ್ದರೆ, ಆಯಿಲ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ, ನಿಲ್ಲಿಸಿ, ಗಡಿಯಾರ ನೋಡಿಕೊಂಡು ಪ್ರತಿ ಸಲವೂ ಅಷ್ಟೇ ನಿಮಿಷ ಕಾಯಿರಿ. ಡ್ಯಾಶ್‌ಬೋರ್ಡಿನ ಕೂಲಂಟ್ (ಎಂಜಿನ್ ತಂಪಿಡುವ ದ್ರವ) ಮುಳ್ಳು ನಡುವಿಗೆ ಬಂತೆಂದರೆ ಆಯಿಲ್ ಬಿಸಿಯಾಯಿತು ಎಂದಲ್ಲ, ಅದು ಕೂಲಂಟ್‌ಗಿಂತ ತಡವಾಗಿ ಬಿಸಿಯಾಗುತ್ತದೆ.

ಆಯಿಲ್ಲನ್ನು ತಳದಲ್ಲಿ ಅಲ್ಲ, ಬೇರೆ ಟ್ಯಾಂಕಿನಲ್ಲಿ ಇಡುವ ಡ್ರೈ ಸಂಪ್ ಕಾರುಗಳ ನಿಯಮವೇ ಬೇರೆ. ಬಹುತೇಕ ಅವುಗಳಲ್ಲಿ ಎಂಜಿನ್ ಬಿಸಿಯಾಗಿ, ಐಡಲ್‌ನಲ್ಲಿ ಓಡುತ್ತಿರುವಾಗಲೇ ಟ್ಯಾಂಕ್ ಮಟ್ಟ ನೋಡಬೇಕು. ನಿಂತ ಮೇಲೆ ಟ್ಯಾಂಕಿನ ಆಯಿಲ್ ಎಂಜಿನ್ನಿನೊಳಗೆ ಇಳಿಯುತ್ತದೆ. ಬೆಳಿಗ್ಗೆ ಕಡ್ಡಿ ಖಾಲಿ ಕಂಡಿತೆಂದು ಎರಡು ಲೀಟರ್ ಸುರಿದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಕಡ್ಡಿಯನ್ನು ಮೊದಲ ಸಲ ಎಳೆದಾಗ ಕಂಡದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಕೊಳವೆಗೆ ಅಂಟಿದ ಆಯಿಲ್ ಅದಕ್ಕೂ ಅಂಟಿರುತ್ತದೆ. ನೂಲು ಬಿಡದ ಬಟ್ಟೆಯಿಂದ ಒರೆಸಿ, ತಳದವರೆಗೆ ತೂರಿಸಿ, ಮೂರು ಎಣಿಸಿ ಎಳೆಯಿರಿ. ಎರಡೂ ಮುಖ ನೋಡಿ. ಒಂದು ಕಡೆ ಹೆಚ್ಚು ಕಂಡರೆ ಕಡಿಮೆ ಇರುವುದೇ ನಿಜ. ಹೊಸ ಆಯಿಲ್ ತಿಳಿಯಾಗಿದ್ದು ಕಾಣದಿದ್ದರೆ ಕಡ್ಡಿಯನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ.

ಕಡ್ಡಿಯೇ ಇಲ್ಲದೆ ಪರದೆಯಲ್ಲಿ ಪಟ್ಟಿ ತೋರಿಸುವ ಕಾರಾದರೆ ಪಟ್ಟಿಗಳ ಸಂಖ್ಯೆ ನಂಬಬೇಡಿ. ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಪಟ್ಟಿಯೊಂದು ಮಾಯವಾದ ಕ್ಷಣದ ಓಡೊಮೀಟರ್ ಬರೆದುಕೊಳ್ಳಿ. ಟಾಪ್‌ಅಪ್ ಮಾಡಿದ ಬಳಿಕ ಅದೇ ಪಟ್ಟಿ ಮತ್ತೆ ಮಾಯವಾಗುವವರೆಗಿನ ದೂರಕ್ಕೆ, ಹಾಕಿದ ಆಯಿಲ್ಲನ್ನು ಹಂಚಿ.

ತೂಕ, ಲೆಕ್ಕ

ಬಾಟಲಿಯ ಬದಿಯ ಗೆರೆಗಳು ಒರಟು ಅಂದಾಜು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು: ಸುರಿಯುವ ಮೊದಲು ಬಾಟಲಿ ತೂಗಿ, ಸುರಿದ ಮೇಲೆ ತೂಗಿ. ಎಂಜಿನ್ ಆಯಿಲ್‌ನ ಸಾಂದ್ರತೆ ಸುಮಾರು 0.85, ಗ್ರಾಮ್‌ಗಳನ್ನು 0.85ರಿಂದ ಭಾಗಿಸಿದರೆ ಮಿಲಿಲೀಟರ್. ಒಮ್ಮೆಗೆ 100 ಗ್ರಾಮ್ ಹಾಕಿ, ಕೆಳಗಿಳಿಯಲು ಹತ್ತು ನಿಮಿಷ ಬಿಟ್ಟು ನೋಡಿ.

1,500 ಕಿ.ಮೀ. ಓಡಿದ ನಂತರ, ನಡುನಡುವೆ ಹಾಕಿದ್ದೂ ಸೇರಿ, ಮೊದಲಿನ ಗುರುತಿಗೆ ತರಲು ಒಟ್ಟು 510 ಗ್ರಾಮ್ ಬೇಕಾಯಿತು ಎನ್ನಿ. ಅದು 600 ಮಿ.ಲೀ., ಅಂದರೆ 1,000 ಕಿ.ಮೀ.ಗೆ 400 ಮಿ.ಲೀ. ಇನ್ನೂರು-ಮುನ್ನೂರು ಕಿ.ಮೀ.ಗೇ ಲೆಕ್ಕ ಹಾಕಿದರೆ ನೋಟದ ತಪ್ಪೇ ಉತ್ತರವನ್ನು ನುಂಗುತ್ತದೆ. ಮಟ್ಟವನ್ನು ಮಾತ್ರ ನಡುನಡುವೆ ನೋಡುತ್ತಿರಿ, ಅರ್ಧಕ್ಕಿಂತ ಕೆಳಗೆ ಹೋಗಲು ಬಿಡಬೇಡಿ: ಜೋರು ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯಬಹುದು. ದಿನಾಂಕ, ಓಡೊಮೀಟರ್, ಹಾಕಿದ ಗ್ರಾಮ್ ಇಷ್ಟರ ಜೊತೆ ಓಡಿಸಿದ ರೀತಿಯನ್ನೂ ಬರೆಯಿರಿ. ಟ್ರ್ಯಾಕ್ ದಿನದ ಲೆಕ್ಕವನ್ನು ಹೆದ್ದಾರಿಯ ಲೆಕ್ಕಕ್ಕೆ ಬೆರೆಸಿದರೆ ಎರಡೂ ಕೆಡುತ್ತವೆ.

ಮಟ್ಟ ಇಳಿಯದಿದ್ದರೂ ಮೋಸವಿದೆ

ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಕಾರನ್ನು ಬರೀ ಸಣ್ಣಪುಟ್ಟ ಓಡಾಟಕ್ಕೆ ಬಳಸಿದರೆ ಪೆಟ್ರೋಲ್ ರಿಂಗ್‌ಗಳ ಸಂದಿಯಿಂದ ಸಂಪ್‌ಗೆ ಇಳಿದು ಆಯಿಲ್ ಜೊತೆ ಸೇರುತ್ತದೆ. ಆಯಿಲ್ ಖರ್ಚಾದಷ್ಟೂ ಪೆಟ್ರೋಲ್ ತುಂಬಿ ಮಟ್ಟ ಹಾಗೇ ಕಾಣುತ್ತದೆ. ಒಂದು ದೂರ ಪ್ರಯಾಣದಲ್ಲಿ ಎಂಜಿನ್ ಚೆನ್ನಾಗಿ ಕಾದು ಆ ಪೆಟ್ರೋಲ್ ಆವಿಯಾದಾಗ ಮಟ್ಟ ದಿಢೀರನೆ ಬೀಳುತ್ತದೆ. ಮಟ್ಟ ಏರುತ್ತಿದ್ದರೆ, ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಬದಲಿಸಿ. ಲೆಕ್ಕ ಹೊಸದಾಗಿ ಶುರು.

ಸಂಖ್ಯೆ ಏರುತ್ತಿದ್ದರೆ

ನೀಲಿ ಹೊಗೆ ಯಾವಾಗ ಬರುತ್ತದೆಂದು ನೋಡಿ. ರಾತ್ರಿ ನಿಂತ ಮೇಲೆ ಸ್ಟಾರ್ಟ್‌ನಲ್ಲಿ ಬಂದು ನಿಂತರೆ, ಇಲ್ಲವೇ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಮತ್ತೆ ಒತ್ತಿದಾಗ ಬಂದರೆ, ಮೊದಲ ಅನುಮಾನ ವಾಲ್ವ್ ಸೀಲ್ ಮೇಲೆ. ಭಾರ ಎಳೆಯುವಾಗ ನಿಲ್ಲದೆ ಬಂದರೆ ರಿಂಗ್ ಮೇಲೆ. ಟರ್ಬೊ ಇದ್ದರೆ ಇಂಟರ್‌ಕೂಲರ್ ಕೊಳವೆ ಬಿಚ್ಚಿ ನೋಡಿ. ತೆಳು ಪಸೆ ಸಾಮಾನ್ಯ, ಆಯಿಲ್ ಮಡುಗಟ್ಟಿದ್ದರೆ ಅಲ್ಲ. ಯಾವುದಕ್ಕೂ ಮೊದಲು ಪಿಸಿವಿ ವಾಲ್ವ್ ಪರೀಕ್ಷಿಸಿ, ಅದು ಎಲ್ಲಕ್ಕಿಂತ ಅಗ್ಗದ ರಿಪೇರಿ.

ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆಂದು ಅಳೆಯುವ ಕಂಪ್ರೆಷನ್ ಟೆಸ್ಟ್ ಚೆನ್ನಾಗಿ ಬಂತೆಂದು ರಿಂಗ್‌ಗಳನ್ನು ಬಿಡುಗಡೆ ಮಾಡಬೇಡಿ. ಕಂಪ್ರೆಷನ್ ಹಿಡಿಯುವುದು ಮೇಲಿನ ರಿಂಗ್‌ಗಳು. ಇಂಗಾಲ ಕಟ್ಟಿ ಅಂಟಿಕೊಂಡಿರುವುದು ಕೆಳಗಿನ ಆಯಿಲ್ ರಿಂಗ್ ಇರಬಹುದು. ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ನೋಡುವುದು) ಕೂಡ ಮುಖ್ಯವಾಗಿ ಮೇಲಿನ ರಿಂಗ್ ಮತ್ತು ವಾಲ್ವ್‌ಗಳ ಬಗ್ಗೆಯೇ ಹೇಳುತ್ತದೆ. ಹಾಗಾಗಿ ಸ್ಪಾರ್ಕ್ ಪ್ಲಗ್‌ಗಳನ್ನು ಕ್ರಮವಾಗಿ ಜೋಡಿಸಿಟ್ಟು, ಯಾವುದು ಎಣ್ಣೆಮಯವಾಗಿದೆ ನೋಡಿ, ಆ ಸಿಲಿಂಡರ್‌ಗೆ ಬೋರ್‌ಸ್ಕೋಪ್ (ತೆಳು ಕ್ಯಾಮೆರಾ ಕೊಳವೆ) ಇಳಿಸಿ.

‘ಆಯಿಲ್ ಖರ್ಚು ನಿಲ್ಲಿಸುತ್ತದೆ’ ಎಂಬ ಡಬ್ಬಿಗಳ ತಂಟೆಗೆ ಹೋಗಬೇಡಿ. ಕೆಲವು ರಬ್ಬರ್ ಸೀಲ್‌ಗಳನ್ನು ಉಬ್ಬಿಸುತ್ತವೆ, ಕೆಲವು ಆಯಿಲ್ಲನ್ನು ಬರೀ ಗಟ್ಟಿಯಾಗಿಸುತ್ತವೆ, ಅಂಟಿದ ರಿಂಗ್ ಅಂಟಿಯೇ ಇರುತ್ತದೆ. ಬದಲಿಗೆ ಕೈಪಿಡಿ ಒಪ್ಪಿದ ದರ್ಜೆಯಲ್ಲೇ ನೊಆಕ್ ಅಂಕಿ, ಅಂದರೆ ಬಿಸಿಯಲ್ಲಿ ಆವಿಯಾಗುವ ಪ್ರಮಾಣ, ಕಡಿಮೆ ಇರುವ ಆಯಿಲ್ ಹುಡುಕಿ. ಅಂಕಿ ಬಾಟಲಿಯ ಮೇಲಿರುವುದು ಅಪರೂಪ, ತಯಾರಕರ ಮಾಹಿತಿ ಹಾಳೆಯಲ್ಲಿ ಸಿಕ್ಕೀತು. ಆಯಿಲ್ ಬದಲಾದ ದಿನವನ್ನು ಪುಸ್ತಕದಲ್ಲಿ ಗುರುತು ಹಾಕಿ, ಹಳೆಯ ಅಂಕಿಗಳಿಗೆ ಹೊಸದನ್ನು ಸೇರಿಸಬೇಡಿ.