ಇಂಗ್ಲೆಂಡಿನಲ್ಲಿ ಮನೆ ಮಾರಾಟ: ಎಕ್ಸ್‌ಚೇಂಜ್‌ಗೆ ಮುಂಚಿನ ವಾರಗಳು ಎಲ್ಲಿ ಹೋಗುತ್ತವೆ

ಊರಿನಲ್ಲಿ ಮನೆ ಮಾರುವಾಗ ಬೆಲೆ ಕುದುರಿದ ಸ್ವಲ್ಪ ದಿನಕ್ಕೇ ಅಡ್ವಾನ್ಸ್ ಕೈ ಬದಲಾಗಿ ಕ್ರಯದ ಕರಾರು ಆಗಿಬಿಡುತ್ತದೆ. ಇಸಿ ತೆಗೆಸುವುದು, ಖಾತೆ ನೋಡುವುದು, ಬ್ಯಾಂಕಿನ ವಕೀಲರ ಅಭಿಪ್ರಾಯ ಪಡೆಯುವುದು, ಇದರಲ್ಲಿ ಬಹುಪಾಲು ಕರಾರಾದ ಮೇಲೆ, ಕ್ರಯಪತ್ರ ನೋಂದಣಿಯಾಗುವುದರೊಳಗೆ ನಡೆಯುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದು ತಲೆಕೆಳಗು. ತನಿಖೆ, ಸಾಲ, ಪ್ರಶ್ನೋತ್ತರ ಎಲ್ಲ ಮುಗಿದ ಮೇಲೆ ಕರಾರು, ಅದಕ್ಕೇ ಎಕ್ಸ್‌ಚೇಂಜ್ ಎನ್ನುವುದು. ಕರಾರಾದ ಒಂದೆರಡು ವಾರಕ್ಕೆ ಕೀಲಿಕೈ. ಆದ್ದರಿಂದ ಎಕ್ಸ್‌ಚೇಂಜ್‌ಗೆ ಎಷ್ಟು ದಿನ ಎಂದು ಕೇಳುವುದೂ ಇಡೀ ಮಾರಾಟಕ್ಕೆ ಎಷ್ಟು ದಿನ ಎಂದು ಕೇಳುವುದೂ ಹೆಚ್ಚುಕಡಿಮೆ ಒಂದೇ.

ನಾನು ಮಾರಿದ್ದು ಫ್ರೀಹೋಲ್ಡ್ (ನೆಲವೂ ನಮ್ಮದೇ ಆದ) ಸೆಮಿ, ಅಂದರೆ ಒಂದು ಗೋಡೆ ಪಕ್ಕದ ಮನೆಗೆ ಅಂಟಿದ ಮನೆ. ಮೂರು ಮನೆಗಳ ಚೈನ್, ಅಂದರೆ ಒಂದರ ಮಾರಾಟ ಇನ್ನೊಂದರ ಖರೀದಿಗೆ ಕಾಯುವ ಸರಪಳಿ. ಆಫರ್ ಒಪ್ಪಿದ ದಿನದಿಂದ ಎಕ್ಸ್‌ಚೇಂಜ್‌ಗೆ 13 ವಾರ ಹಿಡಿಯಿತು. 12ರಿಂದ 16 ವಾರ ಎಂದು ಇಟ್ಟುಕೊಳ್ಳಿ, ಅದಕ್ಕಿಂತ ಹೆಚ್ಚೂ ಆಗಬಹುದು. ಚೈನ್ ಇಲ್ಲದೆ, ಸಾಲವಿಲ್ಲದೆ ಕೊಳ್ಳುವವರು ಸಿಕ್ಕರೆ 6–8 ವಾರದಲ್ಲೂ ಆಗುತ್ತದೆ. ಲೀಸ್‌ಹೋಲ್ಡ್ (ದೀರ್ಘ ಗುತ್ತಿಗೆಯ) ಫ್ಲ್ಯಾಟ್ ಆದರೆ ಒಂದು ತಿಂಗಳು ಹೆಚ್ಚಿಗೆ ಇಟ್ಟುಕೊಳ್ಳಿ. ಏಜೆಂಟ್ ಹೇಳುವ "ಎಂಟು ವಾರ" ಎಲ್ಲವೂ ಸರಿಯಾಗಿ ನಡೆದಾಗಿನ ಮಾತು. ಸ್ಕಾಟ್ಲೆಂಡಿನ ಪದ್ಧತಿಯೇ ಬೇರೆ, ಇಲ್ಲಿ ಹೇಳುವುದು ಅಲ್ಲಿಗೆ ಹೊಂದುವುದಿಲ್ಲ.

ಎಕ್ಸ್‌ಚೇಂಜ್ ಆಗುವ ತನಕ ಇಬ್ಬರಿಗೂ ಯಾವ ಕಟ್ಟೂ ಇಲ್ಲ. ಜಮೀನು-ಮನೆಯ ಕರಾರು ಬರವಣಿಗೆಯಲ್ಲೇ ಇರಬೇಕು, ಒಪ್ಪಿದ ಷರತ್ತುಗಳೆಲ್ಲ ಅದರಲ್ಲಿರಬೇಕು, ಎರಡೂ ಕಡೆಯ ಸಹಿ ಬೇಕು ಎನ್ನುತ್ತದೆ 1989ರ ಕಾಯ್ದೆ. ಒಂದೇ ಕರಾರಿನ ಎರಡು ಪ್ರತಿ, ಒಂದಕ್ಕೆ ಮಾರುವವರ ಸಹಿ, ಇನ್ನೊಂದಕ್ಕೆ ಕೊಳ್ಳುವವರ ಸಹಿ. ಅವೆರಡರ ಅದಲುಬದಲೇ ಎಕ್ಸ್‌ಚೇಂಜ್. ಮನೆ ಮುಂದಿನ ಬೋರ್ಡಿನಲ್ಲಿ "ಸೋಲ್ಡ್ ಎಸ್‌ಟಿಸಿ" (ಕರಾರಿಗೆ ಒಳಪಟ್ಟು ಮಾರಾಟವಾಗಿದೆ) ಎಂದಿದ್ದರೂ ಅದು ಬಾಯಿಮಾತೇ. ಹನ್ನೆರಡನೇ ವಾರದಲ್ಲಿ ಕೊಳ್ಳುವವರು ಹಿಂದೆ ಸರಿದರೆ ನಿಮ್ಮ ವಕೀಲರ ಖರ್ಚು ನಿಮ್ಮ ತಲೆಗೇ. ಬೇಗ ಮುಗಿಸುವುದು ಮುಖ್ಯವಾಗುವುದು ಇದಕ್ಕೇ: ಉದ್ದವಾದಷ್ಟೂ ಮನಸ್ಸು ಬದಲಾಗಲು ಸಮಯ ಸಿಗುತ್ತದೆ.

ಮಾರುವವರ ಕೈಯಲ್ಲಿರುವ ಸಮಯವೆಲ್ಲ ಇರುವುದು ಆಫರ್ ಬರುವ ಮುಂಚೆ. ಆಫರ್ ಬಂದ ಮೇಲೆ ಸಾಲಿಸಿಟರ್ ಹುಡುಕಲು ಹೊರಟರೆ ಅಲ್ಲೇ ಎರಡು ವಾರ ಹೋಯಿತು: ಗುರುತಿನ ತಪಾಸಣೆ, ಒಪ್ಪಂದದ ಪತ್ರ, ಫಾರಂ ಕಳಿಸುವುದು, ಅವು ತುಂಬಿ ವಾಪಸ್ ಬರುವುದು. ಮನೆ ಮಾರುಕಟ್ಟೆಗೆ ಹಾಕುವ ವಾರವೇ ಸಾಲಿಸಿಟರ್ (ವಕೀಲರು) ಅಥವಾ ಆಸ್ತಿ ವರ್ಗಾವಣೆಯ ಕೆಲಸಕ್ಕೇ ಪರವಾನಗಿ ಪಡೆದ ಲೈಸೆನ್ಸ್ಡ್ ಕನ್ವೆಯನ್ಸರ್ ಗೊತ್ತು ಮಾಡಿ, ಎರಡು ಫಾರಂ ತುಂಬಿಸಿ ಇಟ್ಟುಕೊಳ್ಳಬೇಕು. ಟಿಎ6 ಮನೆಯ ವಿವರದ್ದು: ಬೇಲಿ ಯಾರದು, ನೆರೆಯವರೊಂದಿಗೆ ತಕರಾರಿದೆಯೇ, ಏನೇನು ಕಟ್ಟಿಸಿದ್ದೀರಿ. ಟಿಎ10 ಮನೆಯಲ್ಲಿ ಬಿಟ್ಟು ಹೋಗುವ ಸಾಮಾನಿನದು. ಪರದೆ ಕಂಬಿ, ಓವನ್, ಹಿತ್ತಲ ಶೆಡ್ಡು ಎಲ್ಲ ಅದರಲ್ಲಿ ಬರುತ್ತವೆ. ಲ್ಯಾಂಡ್ ರಿಜಿಸ್ಟ್ರಿಯ ಜಾಲತಾಣದಿಂದ ನಿಮ್ಮ ಟೈಟಲ್ ರಿಜಿಸ್ಟರ್ ಮತ್ತು ನಕ್ಷೆಯನ್ನೂ ತೆಗೆದು ನೋಡಿ, ಒಂದೊಂದಕ್ಕೆ 7 ಪೌಂಡ್. ತೀರಿಸಿದ ಹಳೆಯ ಸಾಲದ ಚಾರ್ಜ್ (ಅಡಮಾನದ ನಮೂದು) ಅಲ್ಲೇ ಉಳಿದಿರುವುದು, ಮದುವೆಗೆ ಮುಂಚಿನ ಹೆಸರು ಹಾಗೇ ಇರುವುದು, ನಕ್ಷೆಯ ಕೆಂಪು ಗೆರೆಯೊಳಗೆ ಗ್ಯಾರೇಜ್ ಬರದೇ ಇರುವುದು, ಇಂಥವೆಲ್ಲ ಆಗಲೇ ಕಣ್ಣಿಗೆ ಬಿದ್ದರೆ ಒಳ್ಳೆಯದು. ಹತ್ತನೇ ವಾರದಲ್ಲಿ ಎದುರು ಪಕ್ಷದ ವಕೀಲರ ಕಣ್ಣಿಗೆ ಬಿದ್ದರೆ ಎಲ್ಲ ಅಲ್ಲೇ ನಿಲ್ಲುತ್ತದೆ.

ಟಿಎ6ನಲ್ಲಿ ಗೊತ್ತಿಲ್ಲ ಎಂದು ಗೀಚಿದ ಪ್ರತಿ ಉತ್ತರಕ್ಕೂ ಒಂದು ಪ್ರಶ್ನೆ ತಿರುಗಿ ಬರುತ್ತದೆ. ಅದಕ್ಕೇ ಕಾಗದಗಳನ್ನು ಮೊದಲೇ ಜೋಡಿಸಿಡಬೇಕು. 2002ರ ಏಪ್ರಿಲ್ ನಂತರ ಕಿಟಕಿ ಬದಲಾಯಿಸಿದ್ದರೆ ಕಿಟಕಿ ಹಾಕುವವರ ನೋಂದಣಿ ಯೋಜನೆಯಾದ ಫೆನ್ಸಾದ ಪ್ರಮಾಣಪತ್ರ ಅಥವಾ ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಬಿಲ್ಡಿಂಗ್ ಕಂಟ್ರೋಲ್ ಪತ್ರ. ಹೊಸ ಬಾಯ್ಲರ್‌ಗೆ ಗ್ಯಾಸ್ ಕೆಲಸಗಾರರ ನೋಂದಣಿ ಸಂಸ್ಥೆ ಗ್ಯಾಸ್ ಸೇಫ್ ಕಡೆಯಿಂದ ಬಂದ ಅನುಸರಣೆ ಪತ್ರ. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿದ ರಸೀದಿ ಬೇರೆ, ಇದು ಬೇರೆ, ಬಹಳ ಜನ ಮೊದಲನೆಯದನ್ನು ಕಳಿಸಿ ಎರಡು ವಾರ ಕಳೆದುಕೊಳ್ಳುತ್ತಾರೆ. 2005ರ ಜನವರಿಯಿಂದೀಚೆಗೆ ಹೊಸ ಸರ್ಕ್ಯೂಟ್ ಎಳೆಸಿದ್ದರೆ ಅಥವಾ ಕನ್ಸ್ಯೂಮರ್ ಯೂನಿಟ್ (ಫ್ಯೂಸ್ ಪೆಟ್ಟಿಗೆ) ಬದಲಾಯಿಸಿದ್ದರೆ ವೈರಿಂಗ್ ಪ್ರಮಾಣಪತ್ರ. ಅಟ್ಟವನ್ನು ಕೋಣೆ ಮಾಡಿಸಿದ್ದರೆ, ಹಿಂದೆ ಅಡುಗೆಮನೆ ಚಾಚಿದ್ದರೆ, ನಡುವಿನ ಗೋಡೆ ಒಡೆಸಿದ್ದರೆ, ಕೆಲಸ ನಿಯಮದಂತೆ ಮುಗಿದಿದೆ ಎನ್ನುವ ಕಂಪ್ಲೀಷನ್ ಸರ್ಟಿಫಿಕೇಟ್. ಪ್ಲ್ಯಾನಿಂಗ್ ಅನುಮತಿ ಬೇಡದ ಕೆಲಸಕ್ಕೂ ಬಿಲ್ಡಿಂಗ್ ರೆಗ್ಯುಲೇಷನ್ (ಕಟ್ಟುವ ರೀತಿಯ ನಿಯಮ) ಒಪ್ಪಿಗೆ ಬೇಕಾಗಿರಬಹುದು, ಇವೆರಡನ್ನು ಒಂದೇ ಎಂದುಕೊಳ್ಳಬೇಡಿ.

ಪತ್ರ ಇಲ್ಲದಿದ್ದರೆ ಸಾಮಾನ್ಯ ಪರಿಹಾರ ಇಂಡೆಮ್ನಿಟಿ ವಿಮೆ, ಅಂದರೆ ಆ ಕೊರತೆಯಿಂದ ಮುಂದೆ ನಷ್ಟವಾದರೆ ತುಂಬಿಕೊಡುವ ವಿಮೆ. ಒಮ್ಮೆ ಕಟ್ಟಿದರೆ ಆಯಿತು, ಮೊತ್ತವೂ ದೊಡ್ಡದಲ್ಲ. ಆದರೆ ವಿಮೆ ತೆಗೆದುಕೊಳ್ಳುವ ಮುಂಚೆ ಕೌನ್ಸಿಲ್‌ಗೆ ಫೋನ್ ಮಾಡಿ ನಮ್ಮ ಕೆಲಸಕ್ಕೆ ಅನುಮತಿ ಇತ್ತೇ ಎಂದು ಕೇಳಿದರೆ ಆ ವಿಮೆ ಸಿಗುವುದೇ ಇಲ್ಲ. ಪ್ರಾಮಾಣಿಕವಾಗಿ ವಿಚಾರಿಸಲು ಹೋಗಿ ಬಾಗಿಲು ಮುಚ್ಚಿಕೊಂಡಂತೆ. ಮೊದಲು ನಿಮ್ಮ ಸಾಲಿಸಿಟರ್‌ರನ್ನು ಕೇಳಿ, ಆಮೇಲೆ ಬೇರೆಯವರನ್ನು.

ಆಫರ್ ಒಪ್ಪಿದ ಮೇಲೆ ಏಜೆಂಟ್ ಮೆಮೊರಾಂಡಮ್ ಆಫ್ ಸೇಲ್ ಕಳಿಸುತ್ತಾರೆ. ಹೆಸರಿನ ಅಕ್ಷರ, ವಿಳಾಸ, ಬೆಲೆ, ಎರಡೂ ಕಡೆಯ ವಕೀಲರ ಹೆಸರು ಅಂದೇ ತಾಳೆ ನೋಡಿ. ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ಟೈಟಲ್‌ನಲ್ಲಿ ಇನ್ನೊಂದು ರೀತಿ, ಇನಿಶಿಯಲ್ ಬಿಡಿಸಿ ಬರೆದದ್ದು ಮೂರನೇ ರೀತಿ. ನಮ್ಮವರ ಹೆಸರಿಗೆ ಈ ಗೋಳು ತಪ್ಪಿದ್ದಲ್ಲ. ಫಾರಂಗಳು ಮೊದಲೇ ಸಿದ್ಧವಿದ್ದರೆ ಕರಡು ಕರಾರಿನ ಕಟ್ಟು ಅದೇ ವಾರ ಹೋಗುತ್ತದೆ.

ಅಲ್ಲಿಂದ ಮುಂದಿನ ಗಡಿಯಾರ ಕೊಳ್ಳುವವರ ಕೈಯಲ್ಲಿ. ಅವರ ಸಾಲದ ಅರ್ಜಿ, ಬ್ಯಾಂಕಿನ ಮೌಲ್ಯಮಾಪನ, ಸರ್ವೆ, ಸರ್ಚ್‌ಗಳು (ಮನೆಯ ಬಗ್ಗೆ ಕೌನ್ಸಿಲ್ ಮೊದಲಾದವರ ದಾಖಲೆಗಳ ತಪಾಸಣೆ). ಸ್ಥಳೀಯ ಕೌನ್ಸಿಲ್ ಸರ್ಚ್ ಕೆಲವೆಡೆ ಕೆಲವೇ ದಿನಕ್ಕೆ ಬರುತ್ತದೆ, ಕೆಲವೆಡೆ ಐದಾರು ವಾರ. ಅದರ ಜೊತೆಗೆ ನೀರು-ಚರಂಡಿಯದು, ಪರಿಸರದ್ದು, ಹಳೆಯ ಗಣಿ ಪ್ರದೇಶವಾದರೆ ಕಲ್ಲಿದ್ದಲಿನದು. ವಾರಗಳು ಸದ್ದಿಲ್ಲದೆ ಸೋರಿಹೋಗುವುದು ಇಲ್ಲೇ: ಕೊಳ್ಳುವವರ ಕಡೆಯವರು ದುಡ್ಡು ವ್ಯರ್ಥವಾಗದಿರಲಿ ಎಂದು ಮಾರ್ಟ್‌ಗೇಜ್ ಆಫರ್ (ಬ್ಯಾಂಕಿನ ಸಾಲ ಮಂಜೂರಾತಿ) ಬರುವ ತನಕ ಸರ್ಚ್‌ಗೆ ಹಣ ಕಟ್ಟದೆ ಕಾಯುತ್ತಾರೆ. ಅವರ ದೃಷ್ಟಿಯಿಂದ ಅದು ಜಾಣತನವೇ. ಎರಡನೇ ವಾರದಲ್ಲೇ ಏಜೆಂಟ್ ಮೂಲಕ "ಸರ್ಚ್ ಹಾಕಿದ್ದಾರಾ, ಯಾವ ತಾರೀಕಿಗೆ?" ಎಂದು ಕೇಳಿಸಿ. "ಕೆಲಸ ನಡೀತಿದೆ" ಎಂಬ ಉತ್ತರಕ್ಕೆ ಸಮಾಧಾನಪಡಬೇಡಿ, ತಾರೀಕು ಕೇಳಿ.

ಆಮೇಲೆ ಪ್ರಶ್ನಾವಳಿ ಬರುತ್ತದೆ. ಅದಕ್ಕೆ ಎನ್ಕ್ವೈರೀಸ್ ಎನ್ನುತ್ತಾರೆ, ಇಪ್ಪತ್ತು-ಮೂವತ್ತು ಪ್ರಶ್ನೆ ಮಾಮೂಲು. ನಾನು ಪಾಲಿಸಿದ ನಿಯಮ ಇಷ್ಟೇ: ಬಂದ ಎರಡು ದಿನದೊಳಗೆ, ಅವರದೇ ಕ್ರಮಸಂಖ್ಯೆಯಲ್ಲಿ, ಎಲ್ಲಕ್ಕೂ ಒಟ್ಟಿಗೆ ಉತ್ತರ, ಪುರಾವೆಯ ಕಡತಕ್ಕೂ ಅದೇ ಸಂಖ್ಯೆ. ಬಿಡಿಬಿಡಿಯಾಗಿ ಕಳಿಸಿದರೆ ವಕೀಲರು ಉಳಿದದ್ದು ಬರಲಿ ಎಂದು ಕಡತ ಬದಿಗಿಡುತ್ತಾರೆ. ನಿಮ್ಮ ಒಂದು ಇಮೇಲ್ ನಿಮ್ಮ ವಕೀಲರನ್ನು ದಾಟಿ ಅವರ ವಕೀಲರ ಮೇಜಿಗೆ, ಅಲ್ಲಿಂದ ಕೊಳ್ಳುವವರಿಗೆ ಹೋಗಿ ಬರುವಷ್ಟರಲ್ಲಿ ಸುಲಭವಾಗಿ ಹತ್ತು ದಿನ. ಅಂಥ ಸುತ್ತುಗಳು ಎಷ್ಟು ಎನ್ನುವುದರ ಮೇಲೆ ಎಕ್ಸ್‌ಚೇಂಜ್ ತಾರೀಕು ನಿಂತಿರುತ್ತದೆ.

ಫ್ಲ್ಯಾಟ್ ಮಾರುವವರಿಗೆ ಇನ್ನೊಂದು ತಲೆನೋವು, ಮ್ಯಾನೇಜ್‌ಮೆಂಟ್ ಪ್ಯಾಕ್. ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆ ವೆಚ್ಚ) ಲೆಕ್ಕ, ವಿಮೆ, ಗ್ರೌಂಡ್ ರೆಂಟ್ (ನೆಲಬಾಡಿಗೆ), ಮುಂದೆ ಬರುವ ದೊಡ್ಡ ರಿಪೇರಿ, ಎಲ್ಲವೂ ಎಲ್‌ಪಿಇ1 ಎಂಬ ಫಾರಂನಲ್ಲಿ ಮ್ಯಾನೇಜಿಂಗ್ ಏಜೆಂಟ್ ಕಡೆಯಿಂದ ಬರಬೇಕು. ಕೆಲವು ನೂರು ಪೌಂಡ್ ಮುಂಗಡ ಕಟ್ಟಿದ ಮೇಲೆಯೇ ಅವರು ಕಡತ ತೆರೆಯುವುದು, ಬರಲು ಮೂರು-ನಾಲ್ಕು ವಾರ ಬೇಕು. ಆಫರ್ ಒಪ್ಪಿದ ದಿನವೇ ಹಣ ಕಟ್ಟಿ. ಇಂಗ್ಲೆಂಡಿನಲ್ಲಿ ಕಟ್ಟಡ ಕನಿಷ್ಠ 11 ಮೀಟರ್ ಎತ್ತರ ಅಥವಾ ಕನಿಷ್ಠ ಐದು ಮಹಡಿಯದಾದರೆ 2022ರ ಬಿಲ್ಡಿಂಗ್ ಸೇಫ್ಟಿ ಕಾಯ್ದೆಯಡಿ ಲೀಸ್‌ಹೋಲ್ಡರ್‌ನ ಪ್ರಮಾಣಪತ್ರ ನೀವು ಕೊಡಬೇಕು, ಲ್ಯಾಂಡ್‌ಲಾರ್ಡ್‌ನದು ಅವರಿಂದ ಬರಬೇಕು. ಸರ್ಕಾರದ ಹೆಲ್ಪ್ ಟು ಬೈ ಯೋಜನೆಯ ಸಾಲ ಇದ್ದರೆ ರಿಕ್ಸ್ (ಸರ್ವೇಯರುಗಳ ವೃತ್ತಿಸಂಸ್ಥೆ) ಸರ್ವೇಯರ್ ಕೊಟ್ಟ ಮೌಲ್ಯಮಾಪನ ಮೂರು ತಿಂಗಳಷ್ಟೇ ನಡೆಯುತ್ತದೆ. ತೀರಾ ಬೇಗ ಮಾಡಿಸಿದರೆ ಎಕ್ಸ್‌ಚೇಂಜ್‌ಗೆ ಮುಂಚೆಯೇ ಹಳತಾಗುತ್ತದೆ.

ಕೊಳ್ಳುವವರು ನಮ್ಮೂರಿನವರೇ ಆಗಿ, ಡೆಪಾಸಿಟ್‌ನಲ್ಲಿ ಒಂದು ಪಾಲು ಭಾರತದಿಂದ ಬರುವುದಿದ್ದರೆ, ಅದನ್ನು ಮೊದಲ ವಾರದಲ್ಲೇ ವಿಚಾರಿಸಿ. ಹಣದ ಮೂಲದ ತಪಾಸಣೆ ಇಲ್ಲಿ ಬಿಗಿ. ಮೈಸೂರಿನ ಸೈಟು ಮಾರಿದ ದುಡ್ಡಾದರೆ ಕ್ರಯಪತ್ರ, ಅದರ ಇಂಗ್ಲಿಷ್ ಅನುವಾದ, ಹಣ ಖಾತೆಗೆ ಬಂದ ಸ್ಟೇಟ್‌ಮೆಂಟ್, ಅಲ್ಲಿಂದ ಇಲ್ಲಿಗೆ ಬಂದ ದಾಖಲೆ, ಎಲ್ಲ ಕೇಳುತ್ತಾರೆ. ಅಪ್ಪ-ಅಮ್ಮ ಕೊಟ್ಟದ್ದಾದರೆ ಉಡುಗೊರೆ ಪತ್ರದ ಜೊತೆಗೆ ಅವರ ಗುರುತಿನ ಚೀಟಿ, ಅವರ ಬ್ಯಾಂಕ್ ಲೆಕ್ಕವೂ ಬೇಕು. ಭಾರತದಲ್ಲಿರುವವರು ಎಲ್‌ಆರ್‌ಎಸ್‌ನಲ್ಲಿ (ಹೊರದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕ್ ಯೋಜನೆ) ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ಎನ್‌ಆರ್‌ಒ (ಅನಿವಾಸಿಗಳು ಭಾರತದಲ್ಲಿಟ್ಟ) ಖಾತೆಯಿಂದ ಬರುವ ಹಣಕ್ಕೆ ಸಿಎ ಪ್ರಮಾಣಪತ್ರವೂ ಬೇಕಾಗುತ್ತದೆ, ಅದಕ್ಕೆ ಒಂದೆರಡು ವಾರ ಇಟ್ಟುಕೊಳ್ಳಿ. ಇವೆಲ್ಲ ಒಂಬತ್ತನೇ ವಾರದಲ್ಲಿ ಹೊರಬಂದರೆ ಇಡೀ ಚೈನ್ ಕಾಯುತ್ತದೆ.

ಚೈನ್ ಎಂದರೆ ನಿಮ್ಮ ಮನೆ ಕೊಳ್ಳುವವರು ತಮ್ಮದನ್ನು ಮಾರಬೇಕು, ನೀವು ಇನ್ನೊಂದು ಕೊಳ್ಳಬೇಕು, ಅವರು ಮತ್ತೊಂದು. ಎಲ್ಲರೂ ಒಂದೇ ದಿನ ಎಕ್ಸ್‌ಚೇಂಜ್ ಆಗಬೇಕು. ಐವರಲ್ಲಿ ನಾಲ್ವರು ಆರನೇ ವಾರಕ್ಕೆ ಸಿದ್ಧರಾದರೂ ಐದನೆಯವರ ಪ್ರೊಬೇಟ್ (ತೀರಿಕೊಂಡವರ ಆಸ್ತಿ ಮಾರಲು ಕೋರ್ಟಿನ ಅನುಮತಿ) ಬರದಿದ್ದರೆ ಪ್ರಯೋಜನವಿಲ್ಲ. ವಾರಕ್ಕೊಮ್ಮೆ, ಒಂದೇ ದಿನ, ಏಜೆಂಟ್‌ಗೆ ಒಂದೇ ಪ್ರಶ್ನೆ ಸಾಕು: ಚೈನ್‌ನಲ್ಲಿ ಈಗ ಎಲ್ಲರಿಗಿಂತ ಹಿಂದೆ ಇರುವವರು ಯಾರು, ಅವರಿಗೆ ಬಾಕಿ ಇರುವ ಕಾಗದ ಯಾವುದು? ದಿನಕ್ಕೆ ಮೂರು ಸಲ ವಕೀಲರಿಗೆ ಫೋನ್ ಮಾಡುವುದರಿಂದ ಅವರ ಕೆಲಸದ ಹೊತ್ತು ಹಾಳು, ಅಷ್ಟೇ. ತಡ ತುಂಬ ಹಿಗ್ಗಿದರೆ ಇನ್ನೊಂದು ಅಪಾಯವಿದೆ. ಸಾಲ ಕೊಡುವವರು ಸಾಮಾನ್ಯವಾಗಿ ಆರು ತಿಂಗಳಿಗಿಂತ ಹಳೆಯ ಸರ್ಚ್ ಒಪ್ಪುವುದಿಲ್ಲ. ಮಾರ್ಟ್‌ಗೇಜ್ ಆಫರ್‌ಗೂ ಅವಧಿ ಇರುತ್ತದೆ.

ಸಹಿಗಳನ್ನು ಬೇಗ ಹಾಕಿಸಿ ವಕೀಲರ ಬಳಿ ಇಟ್ಟುಬಿಡಿ. ತಾರೀಕು ಖಾಲಿ ಇರುತ್ತದೆ, ಸಹಿ ಮಾಡಿದ ಮಾತ್ರಕ್ಕೆ ಎಕ್ಸ್‌ಚೇಂಜ್ ಆಗುವುದಿಲ್ಲ. ಕರಾರಿಗೆ ಸಾಕ್ಷಿ ಬೇಡ. ಹಕ್ಕು ವರ್ಗಾವಣೆಯ ಟಿಆರ್1 ಪತ್ರಕ್ಕೆ ಬೇಕು, ಸಾಕ್ಷಿ ಎದುರಿಗೇ ನಿಂತು ನೀವು ಸಹಿ ಮಾಡುವುದನ್ನು ನೋಡಬೇಕು, ವಿಡಿಯೊ ಕಾಲ್ ನಡೆಯುವುದಿಲ್ಲ. ಬೇಸಿಗೆ ರಜೆಗೆ ಊರಿಗೆ ಹೊರಡುವವರು ವಿಮಾನ ಹತ್ತುವ ಮುಂಚೆ ಇವೆರಡನ್ನೂ ಮುಗಿಸಿ ಹೋಗಬೇಕು.

ಕಂಪ್ಲೀಷನ್ ತಾರೀಕು, ಅಂದರೆ ಪೂರ್ತಿ ಹಣ ಬಂದು ಕೀಲಿಕೈ ಕೊಡುವ ದಿನ, ಎಕ್ಸ್‌ಚೇಂಜ್‌ನ ಹೊತ್ತಿಗೇ ನಿಗದಿಯಾಗುತ್ತದೆ, ಆಮೇಲೆ ಎಲ್ಲರೂ ಒಪ್ಪದೆ ಬದಲಾಗುವುದಿಲ್ಲ. ಆಷಾಢ ಬೇಡ, ಅಮಾವಾಸ್ಯೆ ಬೇಡ ಎನ್ನುವುದಿದ್ದರೆ ಮೊದಲೇ ಹೇಳಿ. ಚೈನ್ ಒಪ್ಪದಿದ್ದರೆ ಕೀಲಿಕೈ ಅಂದು ಪಡೆದು ಗೃಹಪ್ರವೇಶ ಶ್ರಾವಣದಲ್ಲಿ ಇಟ್ಟುಕೊಳ್ಳಬಹುದು. ಶನಿವಾರ-ಭಾನುವಾರ ವಕೀಲರ ನಡುವೆ ಹಣ ವರ್ಗಾವಣೆ ಸಾಮಾನ್ಯವಾಗಿ ಇಲ್ಲ. ಎಲ್ಲರೂ ಶುಕ್ರವಾರ ಕೇಳುತ್ತಾರೆ, ನಾನು ಮಂಗಳವಾರ ಅಥವಾ ಬುಧವಾರ ಕೇಳುತ್ತೇನೆ. ಶುಕ್ರವಾರ ಹಣ ತಲುಪದಿದ್ದರೆ ಸೋಮವಾರದ ತನಕ ಸಾಮಾನೆಲ್ಲ ಲಾರಿಯಲ್ಲೇ. ಕರಾರಿನಲ್ಲಿ ತಾರೀಕು ಬರೆಯದಿದ್ದರೆ ಸ್ಟ್ಯಾಂಡರ್ಡ್ ಕಂಡಿಷನ್ಸ್ (ಕರಾರಿಗೆ ಸೇರಿಸುವ ಸಿದ್ಧ ಷರತ್ತುಗಳು) ಪ್ರಕಾರ ಎಕ್ಸ್‌ಚೇಂಜ್ ಆದ ಮೇಲೆ 20 ಕೆಲಸದ ದಿನ.

ಎಕ್ಸ್‌ಚೇಂಜ್ ಆಗುವುದು ಫೋನಿನಲ್ಲೇ. ಇಬ್ಬರು ವಕೀಲರು ಲಾ ಸೊಸೈಟಿಯ (ಸಾಲಿಸಿಟರ್‌ಗಳ ಸಂಘ) ಸೂತ್ರದಂತೆ ಬೆಲೆ, ಡೆಪಾಸಿಟ್, ತಾರೀಕು ಓದಿ ಹೇಳಿ, ಗಂಟೆ-ನಿಮಿಷ ಬರೆದುಕೊಳ್ಳುತ್ತಾರೆ. ತಮ್ಮ ತಮ್ಮ ಕಕ್ಷಿದಾರರ ಪ್ರತಿ ತಮ್ಮಲ್ಲೇ ಇದ್ದಾಗ ಬಳಸುವುದು ಬಿ ಸೂತ್ರ. ಚೈನ್ ಇದ್ದರೆ ಸಿ ಸೂತ್ರ: ಕೆಳಗಿನವರು ಸಂಜೆ ಐದರ ತನಕ ಎಂಬಂತೆ ಗಡುವು ಇಟ್ಟು ತಮ್ಮ ಕರಾರನ್ನು ಮೇಲಿನವರಿಗೆ "ಬಿಡುಗಡೆ" ಮಾಡುತ್ತಾರೆ, ಅವರು ಅವರ ಮೇಲಿನವರಿಗೆ. ತುದಿ ಮುಟ್ಟಿದ ಮೇಲೆ ಒಂದೊಂದೇ ಕೊಂಡಿ ಬಿಗಿಯುತ್ತಾ ಫೋನ್ ಕೆಳಗೆ ಬರುತ್ತದೆ. ಗಡುವು ಮೀರಿದರೆ ಮರುದಿನ ಮತ್ತೆ ಮೊದಲಿನಿಂದ. ಅಂದು ನಿಮ್ಮ ಫೋನ್ ಕೈಯಲ್ಲೇ ಇರಲಿ, ತಾರೀಕು ಅರ್ಧ ದಿನದಲ್ಲಿ ಬದಲಾಗಬಹುದು.

ಡೆಪಾಸಿಟ್ ಸಾಮಾನ್ಯವಾಗಿ ಬೆಲೆಯ 10 ಶೇಕಡ. ಕಡಿಮೆಗೆ ಒಪ್ಪುವುದಿದ್ದರೆ, ಕೊಳ್ಳುವವರು ತಪ್ಪಿದಾಗ ಉಳಿದದ್ದನ್ನೂ ಕೊಡಬೇಕು ಎಂಬ ಷರತ್ತು ಇದೆಯೇ ನೋಡಿಕೊಳ್ಳಿ. ಚೈನ್‌ನಲ್ಲಿ ನಿಮಗೆ ಬಂದ ಡೆಪಾಸಿಟ್ಟೇ ನಿಮ್ಮ ಖರೀದಿಯ ಡೆಪಾಸಿಟ್ ಆಗಿ ಮೇಲೆ ಹೋಗುತ್ತದೆ. ಎಕ್ಸ್‌ಚೇಂಜ್ ಆದ ಕ್ಷಣದಿಂದ ಮನೆಯ ಹೊಣೆ ಕೊಳ್ಳುವವರದು, ಅವರು ಅಂದೇ ವಿಮೆ ಮಾಡಿಸಬೇಕು. ನಿಮ್ಮ ವಿಮೆಯನ್ನು ಕಂಪ್ಲೀಷನ್ ತನಕ ನಿಲ್ಲಿಸಬೇಡಿ. ಸಾಮಾನು ಸಾಗಿಸುವವರನ್ನು ಮೊದಲೇ ವಿಚಾರಿಸಿಟ್ಟಿರಿ, ವಾಪಸ್ ಬಾರದ ಮುಂಗಡ ಮಾತ್ರ ವಕೀಲರಿಂದ "ಎಕ್ಸ್‌ಚೇಂಜ್ ಆಯಿತು" ಎಂಬ ಇಮೇಲ್ ಬಂದ ಮೇಲೆಯೇ ಕಟ್ಟಿ.